ದೆಹಲಿಗೆ ನಾಲ್ಕೇ ದಿನ, ಜೊತೆಗೆ ಮಕ್ಕಳು ಮತ್ತು ಹಿರಿಯರು: ಏನು ನೋಡೋದು, ಏನು ಬಿಡೋದು?

ಓದುಗರ ಪ್ರಶ್ನೆ: ದಸರಾ ರಜೆಯಲ್ಲಿ ದೆಹಲಿಗೆ ಹೊರಟಿದ್ದೇವೆ. ನಾವಿಬ್ಬರು, ಹನ್ನೊಂದು ಮತ್ತು ಏಳು ವರ್ಷದ ಮಕ್ಕಳು, ಎಪ್ಪತ್ತು ದಾಟಿದ ಅತ್ತೆ-ಮಾವ. ಕೈಯಲ್ಲಿರೋದು ಪೂರ್ತಿ ನಾಲ್ಕು ದಿನ. ಕೋಟೆ, ಮ್ಯೂಸಿಯಂ ಎಲ್ಲಾ ನೋಡಬೇಕು ಅಂತ ಮಕ್ಕಳ ಆಸೆ. ಮಾವನವರಿಗೆ ಮಂಡಿ ನೋವು. ಯಾವ ಕ್ರಮದಲ್ಲಿ ನೋಡಿದರೆ ಒಳ್ಳೆಯದು?

ಉತ್ತರ: ದೆಹಲಿಯಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಈ ಪ್ರಶ್ನೆ ಚೆನ್ನಾಗಿ ಗೊತ್ತು. ರಜೆ ಹತ್ತಿರ ಬಂತು ಅಂದರೆ ಊರಿನಿಂದ ಫೋನ್ ಶುರು. ಎಲ್ಲರೂ ನೋಡಬೇಕಾದ ಜಾಗಗಳ ಪಟ್ಟಿ ಕೇಳುತ್ತಾರೆ. ನಾನು ಮೊದಲು ಕೇಳೋದು ಬೇರೆ: ನಿಮ್ಮ ನಾಲ್ಕು ದಿನದಲ್ಲಿ ಸೋಮವಾರ ಬರುತ್ತಾ?

ಯಾಕೆ ಅಂದರೆ ಸೋಮವಾರ ಅರ್ಧ ದೆಹಲಿಗೆ ಬೀಗ. ಕೆಂಪು ಕೋಟೆ, ಜನಪಥದಲ್ಲಿರುವ ನ್ಯಾಷನಲ್ ಮ್ಯೂಸಿಯಂ, ರೈಲು ಮ್ಯೂಸಿಯಂ, ಪ್ರಧಾನಮಂತ್ರಿ ಸಂಗ್ರಹಾಲಯ, ಗಾಂಧಿ ಸ್ಮೃತಿ, ಲೋಟಸ್ ಟೆಂಪಲ್, ಅಕ್ಷರಧಾಮ ಎಲ್ಲಾ ಮುಚ್ಚಿರುತ್ತವೆ. ಭಾನುವಾರ ರಾತ್ರಿ ಬಂದಿಳಿದು, ಸೋಮವಾರ ಬೆಳಿಗ್ಗೆ ಹೊಸ ಬಟ್ಟೆ ಹಾಕಿಕೊಂಡು ಕೆಂಪು ಕೋಟೆ ಮುಂದೆ ನಿಲ್ಲುವ ಕುಟುಂಬಗಳು ಪ್ರತಿ ವಾರವೂ ಇರುತ್ತವೆ. ಹಾಗಂತ ಸೋಮವಾರ ದಂಡವಾಗಬೇಕಿಲ್ಲ. ಕುತುಬ್ ಮಿನಾರ್, ಹುಮಾಯೂನ್ ಸಮಾಧಿ, ಜಂತರ್ ಮಂತರ್, ಇಂಡಿಯಾ ಗೇಟ್ ಎಲ್ಲಾ ದಿನವೂ ತೆರೆದಿರುತ್ತವೆ. ಅವುಗಳಲ್ಲಿ ಎರಡನ್ನಾದರೂ ಸೋಮವಾರಕ್ಕೇ ಎತ್ತಿಡಿ.

ಎರಡನೆಯ ಮಾತು, ಒಂದು ದಿನಕ್ಕೆ ಒಂದೇ ದಿಕ್ಕು. ಕೆಂಪು ಕೋಟೆ ಇರೋದು ಹಳೇ ದೆಹಲಿಯಲ್ಲಿ, ಕುತುಬ್ ಇರೋದು ದಕ್ಷಿಣದ ತುದಿಯಲ್ಲಿ. ನಡುವೆ ಇಡೀ ನಗರದ ಟ್ರಾಫಿಕ್. ಒಂದೇ ದಿನದಲ್ಲಿ ಏಳೆಂಟು ಜಾಗ ತೋರಿಸುವ ಟೂರ್ ಬಸ್ಸುಗಳಿವೆ, ನಿಜ. ಅದರಲ್ಲಿ ಹೋದವರು ನೋಡೋದು ಗೇಟು, ಪಾರ್ಕಿಂಗು ಮತ್ತು ಗೈಡ್‌ನ ಬೆನ್ನು. ಮಂಡಿ ನೋವಿರುವವರನ್ನು ಅದಕ್ಕೆ ಹತ್ತಿಸಬೇಡಿ.

ನಿಮ್ಮದು ಶನಿವಾರದಿಂದ ಮಂಗಳವಾರ ಅಂದುಕೊಳ್ಳೋಣ. ನಾನಾದರೆ ಶನಿವಾರ ನ್ಯಾಷನಲ್ ಮ್ಯೂಸಿಯಂನಿಂದ ಶುರು ಮಾಡುತ್ತೇನೆ. ಹತ್ತು ಗಂಟೆಗೆ ಬಾಗಿಲು ತೆರೆಯುತ್ತದೆ. ಇಡೀ ಕಟ್ಟಡ ಸುತ್ತುತ್ತೇವೆ ಅಂತ ಹಟ ಹಿಡಿಯಬೇಡಿ. ಮಕ್ಕಳು ಇದ್ದರೆ ಹರಪ್ಪ ಗ್ಯಾಲರಿ ಒಂದನ್ನೇ ಸಮಾಧಾನವಾಗಿ ನೋಡಿದರೂ ಸಾಕು. ಅಲ್ಲಿ ಮೊಹೆಂಜೊದಾರೋದ 'ನರ್ತಕಿ' ಇದ್ದಾಳೆ. ಶಾಲೆಯ ಪುಸ್ತಕದಲ್ಲಿ ಪುಟದ ತುಂಬ ಚಿತ್ರ ನೋಡಿದ ಮಕ್ಕಳು ಆಳೆತ್ತರದ ಮೂರ್ತಿ ಹುಡುಕುತ್ತಾರೆ. ಅವಳ ಎತ್ತರ ಬರೀ ಹತ್ತೂವರೆ ಸೆಂಟಿಮೀಟರ್! ಅಂಗೈ ಮೇಲೆ ನಿಲ್ಲುವಷ್ಟು. ಕಂಚಿನ ಪುಟ್ಟ ಹುಡುಗಿ, ಸುಮಾರು 4,500 ವರ್ಷ ಹಳೆಯವಳು, 1926ರಲ್ಲಿ ಅಗೆದಾಗ ಸಿಕ್ಕವಳು. ಬಲಗೈ ಸೊಂಟದ ಮೇಲೆ, ತಲೆ ಸ್ವಲ್ಪ ಹಿಂದಕ್ಕೆ. 'ಏನೀಗ?' ಅಂತ ಕೇಳೋ ಹಾಗಿದೆ ನಿಂತ ಭಂಗಿ. ಮಕ್ಕಳಿಗೆ ಬಳೆ ಎಣಿಸೋಕೆ ಹೇಳಿ. ಬಲಗೈಯಲ್ಲಿ ನಾಲ್ಕೇ, ಎಡಗೈಯಲ್ಲಿ ಭುಜದವರೆಗೂ ಬಳೆಗಳ ಸಾಲು. ಗಾಜಿನ ಮುಂದೆ ಅವರು ಎಷ್ಟು ಹೊತ್ತು ನಿಲ್ಲುತ್ತಾರೆ ನೋಡಿ. ಅಲ್ಲೇ ಸುತ್ತಮುತ್ತ ಸುಟ್ಟ ಮಣ್ಣಿನ ಆಟಿಕೆಗಳಿವೆ, ಚಕ್ರದ ಗಾಡಿಗಳು, ತಲೆ ಅಲ್ಲಾಡಿಸುವ ಎತ್ತು. ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ ಹರಪ್ಪ ಕಾಲದ ಹೆಣ್ಣೊಬ್ಬಳ ಅಸ್ಥಿಪಂಜರವೂ ಇದೆ. ಏಳು ವರ್ಷದವರು ಹೆದರಬಹುದು, ಮೊದಲೇ ಹೇಳಿಡಿ. ಹನ್ನೊಂದರವರು ಖಂಡಿತ ಹೆದರಲ್ಲ.

ಅಲ್ಲಿಂದ ಗಾಂಧಿ ಸ್ಮೃತಿ ದೂರವಿಲ್ಲ, ಟಿಕೆಟ್ಟೂ ಇಲ್ಲ. ಇದು ಹಿಂದೆ ಬಿರ್ಲಾ ಹೌಸ್. ಗಾಂಧೀಜಿ ತಮ್ಮ ಕೊನೆಯ 144 ದಿನ ಇದ್ದದ್ದು ಈ ಮನೆಯಲ್ಲಿ. 1948ರ ಜನವರಿ 30ರ ಸಂಜೆ ಪ್ರಾರ್ಥನೆಗೆ ನಡೆದುಹೋದ ದಾರಿಯಲ್ಲಿ ಸಿಮೆಂಟಿನ ಹೆಜ್ಜೆ ಗುರುತು ಮಾಡಿದ್ದಾರೆ. ಕೋಣೆಯಿಂದ ಹೊರಟು ಹುಲ್ಲುಹಾಸು ದಾಟಿ ಒಂದು ಕಡೆ ಅದು ನಿಲ್ಲುತ್ತದೆ. ಮಕ್ಕಳಿಗೆ ವಿವರಿಸುವ ಅಗತ್ಯವೇ ಬೀಳಲ್ಲ. ರಾಜಘಾಟ್ ಅಥವಾ ಗಾಂಧಿ ಸ್ಮೃತಿ ಎರಡರಲ್ಲಿ ಒಂದಕ್ಕೇ ಸಮಯ ಇದ್ದರೆ ನಾನು ಇದನ್ನೇ ಹೇಳುತ್ತೇನೆ. ರಾಜಘಾಟ್‌ನಲ್ಲಿ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಡೆಯಬೇಕು. ಹಿರಿಯರಿಗೆ ಅದು ಬೇರೆ ಕಷ್ಟ.

ಸಂಜೆ ಇಂಡಿಯಾ ಗೇಟ್. 42 ಮೀಟರ್ ಎತ್ತರದ ಕಮಾನು ಎಲ್ಲರಿಗೂ ಗೊತ್ತಿರೋದೇ. ಅದರ ಹಿಂದಿನ ಕಲ್ಲಿನ ಮಂಟಪದ ಕಡೆಗೂ ಹೋಗಿ. ಒಂದು ಕಾಲದಲ್ಲಿ ಅಲ್ಲಿ ಐದನೇ ಜಾರ್ಜ್ ದೊರೆಯ ಪ್ರತಿಮೆ ಇತ್ತು, 1968ರಲ್ಲಿ ತೆಗೆದರು. ಎಷ್ಟೋ ವರ್ಷ ಮಂಟಪ ಖಾಲಿಯಿತ್ತು. 2022ರ ಸೆಪ್ಟೆಂಬರಿನಿಂದ ಅಲ್ಲಿ ನೇತಾಜಿ ನಿಂತಿದ್ದಾರೆ, 28 ಅಡಿ ಎತ್ತರ, ಕಪ್ಪು ಗ್ರಾನೈಟು. ಕೆತ್ತಿದ ತಂಡದ ಮುಂದಾಳು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ಅಯೋಧ್ಯೆಯ ಬಾಲರಾಮನನ್ನು ಕೆತ್ತಿದವರು ಅಂದರೆ ಅತ್ತೆ-ಮಾವನಿಗೆ ತಕ್ಷಣ ಗೊತ್ತಾಗುತ್ತದೆ. ಪಕ್ಕದಲ್ಲೇ 2019ರಲ್ಲಿ ಶುರುವಾದ ರಾಷ್ಟ್ರೀಯ ಯುದ್ಧ ಸ್ಮಾರಕ. ಒಂದರೊಳಗೊಂದು ನಾಲ್ಕು ಚಕ್ರಗಳ ಆಕಾರ, ಇಟ್ಟಿಗೆಯಂಥ ಗ್ರಾನೈಟ್ ಫಲಕಗಳ ಮೇಲೆ ಒಬ್ಬೊಬ್ಬ ಸೈನಿಕರ ಹೆಸರು. ಪ್ರವೇಶ ಉಚಿತ. ಹಸಿವಾದರೆ ಹತ್ತಿರದಲ್ಲೇ ಆಂಧ್ರ ಭವನದ ಕ್ಯಾಂಟೀನ್ ಇದೆ, ಊಟಕ್ಕೆ ದೆಹಲಿಯವರೇ ಕ್ಯೂ ನಿಲ್ಲುವ ಜಾಗ. ಖಾರ ತಡೆಯದ ಮಕ್ಕಳಿಗೆ ಮೊಸರು ಜಾಸ್ತಿ ಹಾಕಿಸಿ.

ಭಾನುವಾರ ಮಕ್ಕಳ ದಿನ. ಚಾಣಕ್ಯಪುರಿಯ ರೈಲು ಮ್ಯೂಸಿಯಂ 1977ರಿಂದ ಇದೆ. ಬಯಲಿನಲ್ಲಿ ಹಳೇ ಉಗಿಬಂಡಿಗಳ ಸಾಲು. ಮೈಸೂರು ಮಹಾರಾಜರ ಸಲೂನ್ ಗಾಡಿ ಇಲ್ಲಿದೆ, ಹುಡುಕಿ ನೋಡಿ. ಪಟಿಯಾಲದ ಮೋನೋರೈಲು ಇನ್ನೂ ಮಜಾ. ಒಂದೇ ಕಂಬಿಯ ಮೇಲೆ ಸಣ್ಣ ಚಕ್ರಗಳು, ಬೀಳದ ಹಾಗೆ ಆಧಾರಕ್ಕೆ ಪಕ್ಕದಲ್ಲಿ ರಸ್ತೆ ಮೇಲೆ ಉರುಳುವ ಒಂದು ದೊಡ್ಡ ಚಕ್ರ! ಆಟದ ರೈಲಿಗೆ ಭಾನುವಾರ ಕ್ಯೂ ಇರುತ್ತದೆ, ಹೋದ ತಕ್ಷಣ ಅದರ ಟಿಕೆಟ್ ತೆಗೆದುಕೊಳ್ಳಿ. ಹಿರಿಯರಿಗೆ ಕೂರೋಕೆ ನೆರಳಿದೆ. ಮಧ್ಯಾಹ್ನ ಉತ್ಸಾಹ ಉಳಿದಿದ್ದರೆ ತೀನ್‌ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ ಹತ್ತಿರವೇ. ಮಾವನವರು ದೇವೇಗೌಡರ ವಿಭಾಗ ಎಲ್ಲಿ ಅಂತ ಕೇಳುತ್ತಾರೆ, ಇದೆ. ಉತ್ಸಾಹ ಇಲ್ಲದಿದ್ದರೆ ಬಿಡಿ, ರೂಮಿಗೆ ಹೋಗಿ ಮಲಗಿ.

ಸೋಮವಾರ ಬೆಳಿಗ್ಗೆ ಬೇಗ ಕುತುಬ್. ಬಿಸಿಲೇರುವ ಮೊದಲು ಹೋದರೆ ಕೆಂಪು ಕಲ್ಲಿನ ಮೇಲೆ ಬೆಳಕೂ ಚೆನ್ನ, ಜನವೂ ಕಡಿಮೆ. ನೆಲ ಬಹುಪಾಲು ಸಮತಟ್ಟು, ಹಾಗಾಗಿ ಮಂಡಿಗೆ ತೊಂದರೆ ಕಡಿಮೆ. ಮಿನಾರ್ ಹತ್ತಬಹುದಾ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಆಗಲ್ಲ. 1981ರ ಡಿಸೆಂಬರಿನಲ್ಲಿ ಒಳಗಿನ ಮೆಟ್ಟಿಲಲ್ಲಿ ಕತ್ತಲಾಗಿ ನೂಕುನುಗ್ಗಲಾಯಿತು, 45 ಜನ ಸತ್ತರು, ಅದರಲ್ಲಿ ಶಾಲಾ ಮಕ್ಕಳೇ ಹೆಚ್ಚು. ಅಂದಿನಿಂದ ಒಳಗೆ ಬಿಡುತ್ತಿಲ್ಲ.

ನನಗೆ ಕೇಳಿದರೆ ಕುತುಬ್‌ನಲ್ಲಿ ಮಿನಾರ್‌ಗಿಂತ ಅದರ ಸುತ್ತಮುತ್ತ ಇರೋದೇ ಹೆಚ್ಚು ಸ್ವಾರಸ್ಯ. ಮಿನಾರ್ ಪಕ್ಕದ ಹಳೇ ಮಸೀದಿಯ ಅಂಗಳದ ಕಂಬಗಳನ್ನು ಹತ್ತಿರದಿಂದ ನೋಡಿ. ಸರಪಳಿಗೆ ತೂಗುಬಿಟ್ಟ ಗಂಟೆಗಳ ಕೆತ್ತನೆ ಇದೆ. 27 ಗುಡಿಗಳ ಸಾಮಗ್ರಿ ಬಳಸಿದ್ದೇವೆ ಅಂತ ಮಸೀದಿಯ ಶಾಸನವೇ ಹೇಳುತ್ತದೆ. ನಡುವೆ ಕಬ್ಬಿಣದ ಕಂಬ, ಸುಮಾರು 1,600 ವರ್ಷ ಹಳೆಯದು, ಏಳು ಮೀಟರಿಗೂ ಎತ್ತರ, ಆರು ಟನ್ನಿಗೂ ಹೆಚ್ಚು ತೂಕ. ಮಳೆಯಲ್ಲಿ ನೆಂದೂ ತುಕ್ಕು ಹಿಡಿದು ಉದುರಿಲ್ಲ. ಮಂತ್ರವೂ ಇಲ್ಲ, ಮಾಯವೂ ಇಲ್ಲ. ಆ ಕಾಲದ ಕಬ್ಬಿಣದಲ್ಲಿ ರಂಜಕದ ಅಂಶ ಜಾಸ್ತಿ. ಅದರಿಂದ ಮೇಲ್ಮೈಯಲ್ಲಿ ತೆಳುವಾದ ಒಂದು ಪೊರೆ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತಿದೆ ಅಂತ ಐಐಟಿ ಕಾನ್ಪುರದ ಲೋಹವಿಜ್ಞಾನಿ ಆರ್. ಬಾಲಸುಬ್ರಮಣ್ಯಂ ತೋರಿಸಿಕೊಟ್ಟರು. ಕಂಬಕ್ಕೆ ಬೆನ್ನು ಕೊಟ್ಟು ಕೈ ಹಿಂದಕ್ಕೆ ಸುತ್ತಿ ಹಿಡಿದರೆ ಅದೃಷ್ಟ ಅಂತ ಹಿಂದೆಲ್ಲ ಜನ ಸಾಲುಗಟ್ಟುತ್ತಿದ್ದರು. ಉಜ್ಜಿ ಉಜ್ಜಿ ಅಲ್ಲಿ ಬಣ್ಣವೇ ಬೇರೆಯಾಯಿತು. 1997ರಲ್ಲಿ ಬೇಲಿ ಹಾಕಿದರು. ಬೇಲಿಯಾಚೆಯಿಂದಲೇ ಆ ಹೊಳಪಿನ ಪಟ್ಟಿ ಕಾಣುತ್ತದೆ.

ಇನ್ನೊಂದು ವಿಷಯ ಗೈಡ್‌ಗಳು ಸಾಮಾನ್ಯವಾಗಿ ಹೇಳಲ್ಲ, ಕರ್ನಾಟಕದಿಂದ ಬಂದವರು ತಿಳಿದಿರಬೇಕು. ಅಲ್ಲೇ ಅಲಾಯಿ ದರ್ವಾಜಾ ಇದೆ, ಅಲಾವುದ್ದೀನ್ ಖಿಲ್ಜಿ ಕಟ್ಟಿಸಿದ ಬಾಗಿಲು, 1311ರದ್ದು. ಅದೇ 1311ರಲ್ಲೇ ಅವನ ಸೇನಾಪತಿ ಮಲಿಕ್ ಕಾಫೂರ್ ದ್ವಾರಸಮುದ್ರದ ಮೇಲೆ, ಅಂದರೆ ನಮ್ಮ ಹಳೇಬೀಡಿನ ಮೇಲೆ ದಂಡೆತ್ತಿ ಬಂದದ್ದು. ಮೂರನೇ ವೀರಬಲ್ಲಾಳ ಆನೆ, ಸಂಪತ್ತು ಒಪ್ಪಿಸಬೇಕಾಯಿತು. ಸ್ವಲ್ಪ ಮುಂದೆ ಒರಟು ಕಲ್ಲಿನ ದೊಡ್ಡ ಗುಡ್ಡೆಯಂತೆ ಕಾಣುವುದು ಅಲಾಯಿ ಮಿನಾರ್. ಕುತುಬ್‌ನ ಎರಡರಷ್ಟು ಎತ್ತರ ಕಟ್ಟಬೇಕು ಅಂತ ಖಿಲ್ಜಿ ಹೊರಟಿದ್ದ. ಒಂದು ಅಂತಸ್ತು ಏಳುವಷ್ಟರಲ್ಲಿ, 1316ರಲ್ಲಿ, ತೀರಿಕೊಂಡ. ಮುಂದೆ ಯಾರೂ ಕೈ ಹಾಕಲಿಲ್ಲ. ಹಳೇಬೀಡು ನೋಡಿದ ಮಕ್ಕಳಿಗೆ ಇದನ್ನು ಅಲ್ಲೇ ನಿಂತು ಹೇಳಿದರೆ ಇತಿಹಾಸದ ಪಾಠದ ಎರಡು ಬೇರೆ ಬೇರೆ ಪುಟಗಳು ಒಂದಾಗುತ್ತವೆ.

ಮಧ್ಯಾಹ್ನ ಊಟಕ್ಕೆ ಡಿಫೆನ್ಸ್ ಕಾಲೋನಿ ಕಡೆ ಬಂದರೆ ಮಸಾಲೆ ದೋಸೆ ಸಿಗುತ್ತದೆ. ಕಾರ್ಕಳದಿಂದ ಬಂದ ಜಯರಾಂ ಬಾನನ್ 1986ರಲ್ಲಿ ಸಾಗರ್ ಹೋಟೆಲ್ ಶುರು ಮಾಡಿದ್ದು ಇಲ್ಲೇ. ಹೋಟೆಲ್ ಆಮೇಲೆ ಸಾಗರ್ ರತ್ನ ಆಯಿತು, ದೆಹಲಿಯವರಿಗೆ ದೋಸೆ ರೂಢಿಯಾಯಿತು.

ಸಂಜೆ ಹುಮಾಯೂನ್ ಸಮಾಧಿ. 1556ರಲ್ಲಿ ಹುಮಾಯೂನ್ ಪುರಾನಾ ಕಿಲಾದ ಗ್ರಂಥಾಲಯದ ಮೆಟ್ಟಿಲಿಂದ ಜಾರಿ ಬಿದ್ದು ಸತ್ತ. ಹೆಂಡತಿ ಬೇಗಾ ಬೇಗಂ ಮುಂದೆ ನಿಂತು ಈ ಸಮಾಧಿ ಕಟ್ಟಿಸಿದಳು. ತಾಜ್ ಮಹಲ್ ಬರೋದು ಇದಾದ ಎಷ್ಟೋ ದಶಕದ ಮೇಲೆ, ಆದರೆ ಗುಮ್ಮಟ, ನಾಲ್ಕು ಭಾಗದ ತೋಟ, ನೀರಿನ ಕಾಲುವೆ ಎಲ್ಲಾ ಇಲ್ಲೇ ಕಾಣುತ್ತವೆ. ಕೊನೆಯ ಬಾದಶಹ ಬಹಾದುರ್ ಶಾ ಜಫರ್ 1857ರಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕಿದ್ದೂ ಇಲ್ಲೇ. ಸಮಾಧಿಯ ಜಗುಲಿಗೆ ಹತ್ತುವ ಮೆಟ್ಟಿಲು ಕಡಿದಾಗಿದೆ. ಮಾವನವರು ಕೆಳಗೆ ತೋಟದಲ್ಲೇ ಕೂರಲಿ, ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ.

ಮಂಗಳವಾರ ಕೆಂಪು ಕೋಟೆ. ಶಾಹಜಹಾನ್ 1639ರಲ್ಲಿ ಶುರು ಮಾಡಿಸಿ 1648ಕ್ಕೆ ಮುಗಿಸಿದ. ಒಂದು ಎಚ್ಚರಿಕೆ: ಇಲ್ಲಿ ನಡಿಗೆ ಜಾಸ್ತಿ. ಹೋಗಿ ಬರೋದು ಒಂದು ಕಿಲೋಮೀಟರಿಗೂ ಮೇಲಾಗುತ್ತದೆ, ನೆರಳು ಕಡಿಮೆ. ಅರಮನೆಯ ಅಮೃತಶಿಲೆ ಮಂಟಪಗಳನ್ನು ದೂರದಿಂದ ನೋಡಬೇಕು, ಒಳಗೆ ಹತ್ತಿಸಲ್ಲ. ಹಾಗಾಗಿ ನಾನು ಬ್ರಿಟಿಷರ ಕಾಲದ ಬ್ಯಾರಕ್‌ಗಳಲ್ಲಿ ಮಾಡಿರುವ ಮ್ಯೂಸಿಯಂಗಳಿಗೆ ಹೆಚ್ಚು ಸಮಯ ಕೊಡಿ ಅನ್ನುತ್ತೇನೆ. ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ 1945-46ರಲ್ಲಿ ನಡೆದದ್ದು ಈ ಕೋಟೆಯೊಳಗೇ. ಶನಿವಾರ ನೇತಾಜಿ ಪ್ರತಿಮೆ ನೋಡಿದ ಮಕ್ಕಳಿಗೆ ಇಲ್ಲಿನ ನೇತಾಜಿ ಮ್ಯೂಸಿಯಂ ತಾನಾಗಿ ಅರ್ಥವಾಗುತ್ತದೆ. ನೀವು ಹೋಗೋದು ದಸರಾ ಹೊತ್ತಿಗೆ ಆದ್ದರಿಂದ ಕೋಟೆ ಎದುರಿನ ಮೈದಾನದಲ್ಲಿ ರಾಮಲೀಲಾ ಪೆಂಡಾಲು ಇರುತ್ತದೆ. ಮೈಸೂರಿನ ಜಂಬೂಸವಾರಿ ನೋಡಿದವರಿಗೆ ರಾವಣನನ್ನು ಸುಡುವ ಈ ದಸರಾ ಬೇರೆಯೇ ಹಬ್ಬ ಅನ್ನಿಸುತ್ತದೆ. ನೋಡಿ, ಆದರೆ ಮಕ್ಕಳ ಕೈ ಬಿಡಬೇಡಿ.

ಅಕ್ಷರಧಾಮ ಯಾಕಿಲ್ಲ ಅಂತೀರಾ? ಅರ್ಧ ದಿನ ಬೇಕು, ಮೊಬೈಲ್ ಒಳಗೆ ಬಿಡಲ್ಲ, ಕಟ್ಟಿ ಮುಗಿದದ್ದು 2005ರಲ್ಲಿ. ಚೆನ್ನಾಗಿಲ್ಲ ಅಂತಲ್ಲ. ನಾಲ್ಕೇ ದಿನದಲ್ಲಿ ಏನಾದರೂ ಬಿಡಬೇಕಲ್ವಾ, ನಾನು ಇದನ್ನು ಬಿಡುತ್ತೇನೆ. ಆಗ್ರಾ ಕೂಡ ಬೇಕು ಅಂದರೆ ಐದನೇ ದಿನ ಸೇರಿಸಿ, ಶುಕ್ರವಾರ ಮಾತ್ರ ಬೇಡ. ಆ ದಿನ ತಾಜ್‌ಗೆ ರಜೆ, ನಿಜಾಮುದ್ದೀನ್‌ನಿಂದ ಆಗ್ರಾಕ್ಕೆ ಹೋಗುವ ಗತಿಮಾನ್ ರೈಲೂ ಓಡಲ್ಲ.

ಓಡಾಟಕ್ಕೆ ಮೆಟ್ರೋ ಚೆನ್ನಾಗಿದೆ, ಲಾಲ್ ಕಿಲಾ ನಿಲ್ದಾಣವಂತೂ ಕೋಟೆಯ ಹತ್ತಿರವೇ. ಆದರೆ ದೊಡ್ಡ ನಿಲ್ದಾಣಗಳಲ್ಲಿ ರೈಲು ಬದಲಿಸುವಾಗ ನಡೆದೂ ನಡೆದೂ ಹಿರಿಯರು ಸೋತುಹೋಗುತ್ತಾರೆ. ಆರು ಜನಕ್ಕೆ ದಿನದ ಲೆಕ್ಕದಲ್ಲಿ ದೊಡ್ಡ ಕಾರು ಮಾಡಿಕೊಳ್ಳಿ. ಮಕ್ಕಳ ಖುಷಿಗೆ ಒಂದು ದಿನ ಮೆಟ್ರೋ ಹತ್ತಿಸಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಆಧಾರ್ ಪ್ರತಿ ಇಟ್ಟುಕೊಂಡಿರಿ. ದೊಡ್ಡವರ ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆದರೆ ಕೌಂಟರಿನ ಕ್ಯೂ ತಪ್ಪುತ್ತದೆ. ಅಮೆರಿಕದಿಂದಲೋ ದುಬೈಯಿಂದಲೋ ಬಂದ ನೆಂಟರು ಜೊತೆಗಿದ್ದು, ವಿದೇಶಿ ಪಾಸ್‌ಪೋರ್ಟ್ ಇದ್ದರೆ ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಮರೆಯದೆ ತರೋಕೆ ಹೇಳಿ. ಅದಿದ್ದರೆ ಭಾರತೀಯರ ದರ. ಇಲ್ಲದಿದ್ದರೆ ಕುತುಬ್‌ನಲ್ಲಿ ಒಬ್ಬರಿಗೇ ಐನೂರರ ಮೇಲೆ.