ಬಣ್ಣ ಕಳಚುವ ಜಾಗ

‘ಹಗಲುವೇಷ ಹಾಕಬೇಡ’ ಎಂಬುದು ನಮ್ಮ ಕಡೆ ಬೈಗುಳ. ಒಳಗೊಂದು ಹೊರಗೊಂದು ಇಟ್ಟುಕೊಂಡ ಸೋಗಲಾಡಿಗೆ ಆ ಮಾತು ಮೀಸಲು. ಆದರೆ ಅದೇ ಹೆಸರಿನ ಕಲೆಯನ್ನು ಬದುಕಾಗಿಸಿಕೊಂಡ ಬುಡ್ಗ ಜಂಗಮರು ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಊರುಗಳಿಗೆ ತಲೆಮಾರುಗಳಿಂದ ಬರುತ್ತಿದ್ದಾರೆ, ಅವರ ವೇಷದಿಂದ ಯಾರೂ ಮೋಸಹೋದದ್ದಿಲ್ಲ. ರಾತ್ರಿಯ ಬಯಲಾಟಕ್ಕೆ ದೀಪದ ಬೆಳಕೂ ರಂಗದ ಎತ್ತರವೂ ನೆರವಾಗುತ್ತವೆ. ಹಗಲುವೇಷದವರಾದರೋ ಸುಡುಬಿಸಿಲಲ್ಲಿ, ಮನೆಯ ಹೊಸ್ತಿಲ ಮುಂದೆ, ಮಕ್ಕಳ ಕೈಗೆಟುಕುವಷ್ಟು ಹತ್ತಿರ ನಿಂತು ಭೀಮನೋ ಶೂರ್ಪನಖಿಯೋ ಆಗಬೇಕು. ಬಾಲ್ಯದಲ್ಲಿ ನಾನು ಕಂಡ ಮೇಳವೊಂದು ದಿನಕ್ಕೊಂದು ವೇಷ ಕಟ್ಟಿ ಓಣಿ ಓಣಿ ತಿರುಗಿ, ಕೊನೆಯ ದಿನ ಬಣ್ಣವಿಲ್ಲದ ಮುಖದಲ್ಲಿ ಬಂದು ಜೋಳ, ಕಾಸು ಕೇಳಿತ್ತು. ಮೊನ್ನೆಯ ರಾವಣ ಇವನೇ ಎಂದು ತಿಳಿದಾಗ ಅವನ ಮೇಲಿನ ಗೌರವ ಹೆಚ್ಚಿತೇ ಹೊರತು ಕುಂದಲಿಲ್ಲ.

ಸಮಾಜದ ಮುಂದೆ ನಾವು ತೊಡುವ ಮುಖಕ್ಕೂ ಒಳಗಿನ ಮನುಷ್ಯನಿಗೂ ಏನು ಸಂಬಂಧ ಎಂಬ ಪ್ರಶ್ನೆ ಕನ್ನಡದಲ್ಲಿ ಹಳೆಯದು. 12ನೆಯ ಶತಮಾನದ ಶರಣರ ನಡುವೆ ಬಹುರೂಪಿ ಚೌಡಯ್ಯ ಎಂಬೊಬ್ಬನಿದ್ದ. ವೇಷ ಕಟ್ಟಿ ಆಡುವುದೇ ಅವನ ಕಾಯಕ. ರೇಕಣ್ಣಪ್ರಿಯ ನಾಗಿನಾಥ ಅವನ ವಚನಗಳ ಅಂಕಿತ. ವಿಭೂತಿ, ರುದ್ರಾಕ್ಷಿಗಳ ಲಾಂಛನ ಹೊತ್ತು ನಡತೆಯಲ್ಲಿ ಅದಕ್ಕೆ ತಪ್ಪಿದವರನ್ನು ಯಾವ ದಾಕ್ಷಿಣ್ಯವೂ ಇಲ್ಲದೆ ಜರಿದ ಬಳಗವೇ ದಿನವೂ ಬಣ್ಣ ಹಚ್ಚುವವನನ್ನು ತನ್ನೊಳಗೆ ಸೇರಿಸಿಕೊಂಡಿತ್ತು. ಇದು ವೇಷವೆಂದು ಒಪ್ಪಿಕೊಂಡೇ ಆಡುವವನನ್ನೂ, ವೇಷವನ್ನೇ ಸತ್ಯವೆಂದು ಮಾರುವವನನ್ನೂ ಅವರು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದರು ಎಂದು ನಾನು ತಿಳಿಯುತ್ತೇನೆ.

ಪಶ್ಚಿಮದ ಮನಶ್ಶಾಸ್ತ್ರ ಇದೇ ವಿಷಯಕ್ಕೆ ಬಂದದ್ದೂ ರಂಗಭೂಮಿಯ ಮಾತಿನ ಮೂಲಕವೇ. ಸಮಾಜಕ್ಕೆ ತೋರುವ ಮುಖವನ್ನು ಕಾರ್ಲ್ ಯೂಂಗ್ ‘ಪರ್ಸೋನಾ’ ಎಂದು ಕರೆದರು. ಲ್ಯಾಟಿನ್ನಿನಲ್ಲಿ ಅದಕ್ಕೆ ನಾಟಕದ ಮುಖವಾಡವೆಂದು ಅರ್ಥ. ಆ ಮುಖ ಬೇಕೇ ಬೇಕು, ಆದರೆ ಅದೇ ತಾನೆಂದು ನಂಬಿ ಕೂತರೆ ಅಪಾಯ ಎಂಬುದು ಅವರ ವಾದ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1956ರಲ್ಲಿ ನಿತ್ಯಜೀವನವನ್ನೇ ರಂಗವಾಗಿ ವಿವರಿಸಿ, ನೋಡುವವರ ಎದುರಿನ ಜಾಗಕ್ಕೂ ಅವರ ಕಣ್ಣು ತಪ್ಪಿಸಿ ಮೈ ಸಡಿಲಿಸುವ ಹಿಂದಿನ ಜಾಗಕ್ಕೂ ಇರುವ ವ್ಯತ್ಯಾಸವನ್ನು ತೋರಿಸಿದರು. ಈ ಎರಡನೆಯ ಜಾಗ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ವೇಷ ಒಳಗಿಳಿದು ಮನುಷ್ಯನನ್ನೇ ಬದಲಿಸುವುದೂ ಉಂಟು. ಮಾನ್ವಿ ಸೀಮೆಯಲ್ಲಿ ಇಂದಿಗೂ ಹೇಳುವ 18ನೆಯ ಶತಮಾನದ ಕಥೆಯೊಂದು ಇದರ ಸುತ್ತಲೇ ಇದೆ. ಸಂಸ್ಕೃತ ಪಂಡಿತರಾಗಿದ್ದ ಶ್ರೀನಿವಾಸಾಚಾರ್ಯರಿಗೆ ಗೆಜ್ಜೆ ಕಟ್ಟಿ ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ವಿಜಯದಾಸರು ಪ್ರಸಾದಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿ ತಪ್ಪಿಸಿಕೊಂಡರಂತೆ. ಆ ನೆಪದ ನೋವು ನಿಜವಾಗಿಯೇ ಬಂದು ಕಾಡಿತಂತೆ. ಕೊನೆಗೆ ವಿಜಯದಾಸರ ಶಿಷ್ಯ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂಬ ಪ್ರತೀತಿ ಇದೆ. ಪಂಡಿತರು ತಾವೇ ಗೆಜ್ಜೆ ಕಟ್ಟಿ ಜಗನ್ನಾಥದಾಸರಾದರು. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಆದರೆ ಕಥೆ ಕಟ್ಟಿದವರ ಕಣ್ಣು ಚುರುಕಾಗಿತ್ತು: ನಟಿಸಿದ ನೋವು ಮೈಯ ನೋವಾಯಿತು, ಹೀಗಳೆದ ವೇಷವೇ ನಿಜದ ಬದುಕಾಯಿತು, ಪಾಂಡಿತ್ಯದ ಪೋಷಾಕೇ ಕಳಚಿ ಬಿತ್ತು.

ಕಳೆದ ಶತಮಾನಕ್ಕೆ ಬಂದರೆ ಇಲ್ಲಿನ ಜನಕ್ಕೆ ಆಡಳಿತವೇ ಎರಡು ಮುಖ ಕೊಟ್ಟಿತ್ತು. ನಿಜಾಮರ ಕಾಲದ ರಾಯಚೂರು, ಕೊಪ್ಪಳಗಳಲ್ಲಿ ಕಚೇರಿಯ ಉರ್ದು ಬೇರೆ, ಅಡುಗೆಮನೆಯ ಕನ್ನಡ ಬೇರೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸಿಗೆ ಒಳಪಟ್ಟಿದ್ದ ಬಳ್ಳಾರಿಯಲ್ಲಿ ಇಂಗ್ಲಿಷ್, ತೆಲುಗು, ಕನ್ನಡಗಳು ಒಂದೇ ನಾಲಿಗೆಯಲ್ಲಿ ಸರದಿ ಕಾಯುತ್ತಿದ್ದವು. ಬಳ್ಳಾರಿ ರಾಘವರು (1880–1946) ಆ ಊರಿನವರು. ವಕೀಲರಾಗಿ ನ್ಯಾಯಾಲಯದಲ್ಲಿ ಕರಿಕೋಟು ತೊಟ್ಟವರೇ ನಟರಾಗಿ ರಂಗದ ಮೇಲೆ ಬಣ್ಣ ಹಚ್ಚಿದರು. ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ಕಾಲದಲ್ಲಿ ಹೆಣ್ಣಿನ ಪಾತ್ರಗಳನ್ನು ಹೆಣ್ಣುಮಕ್ಕಳೇ ಮಾಡಲಿ ಎಂದು ಅವರು ಒತ್ತಾಯಿಸಿದ್ದನ್ನು, ವೇಷಕ್ಕೂ ನಿಜಕ್ಕೂ ನಡುವಿನ ಅಂತರವನ್ನು ತಗ್ಗಿಸುವ ಪ್ರಯತ್ನವೆಂದು ಓದಬಹುದು.

ಇಷ್ಟಾದರೂ ವೇಷವೆಂದರೆ ಮುಚ್ಚಿಡುವುದು ಎಂದೇ ಎಣಿಸಿದರೆ ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ಅರ್ಥವಾಗುವುದಿಲ್ಲ. ಹರಕೆ ಹೊತ್ತ ಹಿಂದೂ ಮನೆಗಳವರೂ ಕೆಂಪು ಲಾಡಿ ಕಟ್ಟಿಕೊಂಡು ಆ ದಿನಗಳ ಮಟ್ಟಿಗೆ ಫಕೀರರಾಗುತ್ತಾರೆ, ಕೆಲವರು ಹುಲಿವೇಷ ಬರೆಸಿಕೊಳ್ಳುತ್ತಾರೆ. ‘ಫಕೀರ ಆಗೀನಿ’ ಎನ್ನುವುದು ಅವರ ಮಾತು. ಫಕೀರನ ವೇಷ ಹಾಕಿದ್ದೇನೆ ಎಂದು ಯಾರೂ ಹೇಳುವುದಿಲ್ಲ. ಕೊಪ್ಪಳ ಜಿಲ್ಲೆಯ ಹುಲಿಗಿಯಲ್ಲಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ಕಾಣುವ, ದೇವಿಗೆ ಮುಡಿಪಾದ ಜೋಗಪ್ಪಗಳ ಬದುಕು ಇನ್ನೂ ಮುಂದಕ್ಕೆ ಹೋಗುತ್ತದೆ. ಗಂಡೆಂದು ಕರೆಸಿಕೊಂಡು ಗಂಡಿನಂತೆ ನಡೆಯಬೇಕೆಂದು ಹೊಡೆಸಿಕೊಂಡ ಎಷ್ಟೋ ಮಂದಿಗೆ ಅಂಗಿ, ಪ್ಯಾಂಟುಗಳೇ ಮುಖವಾಡ. ಸೀರೆ ಉಟ್ಟ ದಿನವೇ ಅವರು ವೇಷ ಕಳಚಿದ ದಿನ. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಗೌರವ ಪಡೆದರು. ಅವರಂಥವರನ್ನು ‘ವೇಷ ಹಾಕಿದವರು’ ಎಂದು ಕರೆದವರು ಯಾವುದು ಬಣ್ಣ, ಯಾವುದು ಚರ್ಮ ಎಂಬುದನ್ನೇ ತಲೆಕೆಳಗು ಮಾಡಿದ್ದರು. ಈ ತಪ್ಪನ್ನು ನಾವು ಬಹಳ ಕಾಲ ಮಾಡಿದ್ದೇವೆ.

ಇಂದಿನ ತೊಡಕು ಬೇರೆಯದು. ಸಿಂಧನೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗ ಕಚೇರಿಯಲ್ಲಿ ‘ಬರ್ತಾ ಇದೀನಿ’ ಎಂದು, ಮನೆಗೆ ಫೋನ್ ಮಾಡಿದಾಗ ‘ಬರಾಕತ್ತೀನವ್ವ’ ಎನ್ನುವುದರಲ್ಲಿ ಕಪಟವಿಲ್ಲ. ಉರ್ದು ಕಚೇರಿಯ ಕಾಲದಲ್ಲಿ ಅವನ ಮುತ್ತಜ್ಜನೂ ಮಾಡಿದ್ದು ಅದನ್ನೇ. ಆದರೆ ಮುತ್ತಜ್ಜನ ಕಚೇರಿ, ಕಟ್ಟೆ, ಪಡಸಾಲೆಗಳ ನಡುವೆ ಗೋಡೆಗಳಿದ್ದವು, ಒಂದು ಕಡೆ ನೋಡಿದವರು ಇನ್ನೊಂದು ಕಡೆ ಇರುತ್ತಿರಲಿಲ್ಲ. ಈಗ ಸೋದರಮಾವ, ಮೇಲಧಿಕಾರಿ, ಕಾಲೇಜಿನ ಗೆಳೆಯ, ಹೆಣ್ಣು ಕೊಡಲು ವಿಚಾರಿಸುತ್ತಿರುವ ಮನೆಯವರು ಎಲ್ಲರೂ ಒಂದೇ ಮೊಬೈಲಿನಲ್ಲಿ ಅವನ ಸ್ಟೇಟಸ್ ನೋಡುತ್ತಾರೆ. ಅಷ್ಟೂ ಜನಕ್ಕೆ ಸಲ್ಲುವ ಒಂದೇ ಮುಖ ತೋರಬೇಕೆಂದರೆ ಅದು ಯಾರದೂ ಅಲ್ಲದ ಮುಖವಾಗುತ್ತದೆ, ಮಲಗುವ ಕೋಣೆಯವರೆಗೂ ರಂಗ ಬೆಳೆದು ಬರುತ್ತದೆ. ಹಾಗಾಗಿ ಹುಡುಗರು ನಾಲ್ಕೇ ಗೆಳೆಯರಿಗೆ ಕಾಣುವ ಇನ್ನೊಂದು ಖಾತೆ ತೆರೆಯುತ್ತಾರೆ, ಮಾವನಿಗೆ ಕಾಣದಂತೆ ಸ್ಟೇಟಸ್ ಅಡಗಿಸುತ್ತಾರೆ. ಅದು ಗೊತ್ತಾದ ಮನೆಗಳಲ್ಲಿ ಹಿರಿಯರು ಹಗಲುವೇಷವೆಂದೇ ಬಯ್ಯುತ್ತಾರೆ. ನನಗೆ ಆ ನಾಲ್ವರ ಖಾತೆ, ಮೇಳದವರು ಸಂಜೆ ಊರ ಹೊರಗಿನ ಗುಡಾರಕ್ಕೆ ಮರಳಿ ಮುಖಕ್ಕೆ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದ ಜಾಗದಂತೆ ಕಾಣುತ್ತದೆ.