ಕಾಕಾನ ಮೆಣಸಿನಕಾಯಿ ಹೊಲವೂ ಎಚ್‌ಐವಿ ಮಾತ್ರೆಯೂ

ಗದಗ ಹತ್ತಿರ ಇರುವ ನಮ್ಮ ಕಾಕಾ ಹೋದ ವರ್ಷ ಹೊಸ ಮೆಣಸಿನಕಾಯಿ ಬೀಜ ತಂದಿದ್ದರು. ಹಳ್ಳದ ದಂಡೆಯ ಒಳ್ಳೇ ಕಪ್ಪು ಮಣ್ಣಿನ ಎರಿ ಹೊಲಕ್ಕೆ ಹೊಸ ಬೀಜ, ಗುಡ್ಡದ ಕಡೆಯ ಕೆಂಪು ಮಸಾರಿಗೆ ಹಳೇ ಬೀಜ. ಫಸಲು ಬಂದ ಮೇಲೆ "ನೋಡೋ ತಮ್ಮಾ, ಹೊಸ ಬೀಜ ಎಂಥಾ ಬೆಳಿ ಕೊಟ್ಟೈತಿ!" ಅಂದರು. ಕೊಟ್ಟಿದ್ದು ಬೀಜಾನೋ ಎರಿ ಮಣ್ಣೋ ಅಂತ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟರು.

ಹುಬ್ಬಳ್ಳಿಯ ಚಹಾದಂಗಡಿಯಲ್ಲಿ ಔಷಧಿ ಪ್ರಯೋಗದ ಮಾತು ಬಂದರೆ ಸಾಕು, "ಮನುಷ್ಯರನ್ನ ಇಲಿ ಮಾಡ್ತಾರ" ಅನ್ನುವವರು ಇದ್ದೇ ಇರುತ್ತಾರೆ. ಒಪ್ಪಿಗೆ ಪತ್ರ, ನೀತಿ ಸಮಿತಿ ಎಲ್ಲ ಇರುತ್ತದೆ, ಅದು ಬಿಡಿ. ನನಗೆ ರುಚಿ ಹತ್ತಿದ್ದು ಬೇರೆ ವಿಷಯ. ಅಲ್ಲಿ ಯಾರಿಗೆ ಯಾವ ಔಷಧಿ ಅಂತ ಚೀಟಿ ಎತ್ತುತ್ತಾರೆ! ಈ ಬುದ್ಧಿ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಹೊಲದಲ್ಲಿ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರ ಸೇರಿ, ಯಾವ ತಾಕಿಗೆ ಯಾವ ಗೊಬ್ಬರ ಅಂತ ನೀವು ಆರಿಸಬೇಡಿ, ಚೀಟಿ ಆರಿಸಲಿ ಅಂದ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಾಕುಗಳಲ್ಲಿ ಇವತ್ತಿಗೂ ಇದೇ ಲೆಕ್ಕ. 1948ರ ಹೊತ್ತಿಗೆ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಇದನ್ನೇ ಕ್ಷಯದ ಔಷಧಿ ಸ್ಟ್ರೆಪ್ಟೊಮೈಸಿನ್‌ನ ಪ್ರಯೋಗಕ್ಕೆ ತಂದ. ಅದೂ ಮುಚ್ಚಿದ ಲಕೋಟೆಯಲ್ಲಿಟ್ಟು. ಯಾಕೆಂದರೆ ಡಾಕ್ಟರೂ ಮನುಷ್ಯರೇ, ಕೈ ತಾನಾಗಿಯೇ ಎರಿ ಹೊಲದ ಕಡೆ ಹೋಗುತ್ತದೆ.

ಚೀಟಿಯ ಗಮ್ಮತ್ತೇನು ಗೊತ್ತಾ? ವಯಸ್ಸು, ತೂಕ ಇವನ್ನು ನಾವೇ ಸಮ ಮಾಡಬಹುದು. ಗೊತ್ತೇ ಇಲ್ಲದ್ದನ್ನು ಹೇಗೆ ಸಮ ಮಾಡ್ತೀರಿ? ಇಸ್ಪೀಟು ಚೆನ್ನಾಗಿ ಕಲೆಸಿ ಹಂಚಿದ ಹಾಗೆ, ಕಾಳು ಕಲೆಸಿ ಎರಡು ಚೀಲಕ್ಕೆ ಸುರಿದ ಹಾಗೆ. ಜನ ಸಾಕಷ್ಟು ಇದ್ದರೆ ಗೊತ್ತಿರುವುದೂ ಗೊತ್ತಿಲ್ಲದ್ದೂ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರ ಬೀಳುತ್ತದೆ.

ಫಿಶರ್‌ಗಿಂತ ಮೊದಲೇ, ಪ್ಲೇಗ್ ಲಸಿಕೆ ತಯಾರಿಸಿದ ವಿಜ್ಞಾನಿ ಹಾಫ್ಕಿನ್‌ಗೂ ಇದೇ ತಲೆನೋವು. 1897ರ ಜನವರಿಯಲ್ಲಿ ಮುಂಬೈಯಲ್ಲಿ ಪ್ಲೇಗ್ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ ಪುಣ್ಯಾತ್ಮ ಅವನು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲೇ ಅದನ್ನು ಸಾವಿರಾರು ಜನಕ್ಕೆ ಹಾಕಿದರು. ಆದರೆ ತಾವಾಗಿ ಬಂದು ಚುಚ್ಚಿಸಿಕೊಂಡವರೂ ಬಾರದವರೂ ಒಂದೇ ಥರದ ಜನವಾ? ಅದೇ 1898ರಲ್ಲಿ ಬರೋಡಾ ಹತ್ತಿರದ ಉಂಧೇರಾ ಹಳ್ಳಿಯಲ್ಲಿ ಅವನು ಒಂದೊಂದು ಮನೆಯಲ್ಲೂ ಸುಮಾರು ಅರ್ಧ ಜನಕ್ಕೆ ಮಾತ್ರ ಹಾಕಿದ. ಒಂದೇ ಮನೆ, ಒಂದೇ ಇಲಿ, ಒಂದೇ ಚಿಗಟ. ಚೀಟಿ ಇರಲಿಲ್ಲ, ಆದರೆ ಹೊಲವನ್ನು ಸರಿಯಾಗಿ ಸೀಳಿದ್ದ.

ಈಗ ಎಚ್‌ಐವಿಗೆ ಬರೋಣ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮೈರಾನ್ ಕೋಹೆನ್ ಮುಂದಾಳತ್ವದಲ್ಲಿ ಎಚ್‌ಪಿಟಿಎನ್ 052 ಅಂತ ಒಂದು ಪ್ರಯೋಗ ನಡೆಯಿತು. 9 ದೇಶ, 1,763 ಜೋಡಿ. ಪುಣೆ, ಚೆನ್ನೈ ಕೂಡ ಅದರಲ್ಲಿದ್ದವು. ಪ್ರತಿ ಜೋಡಿಯಲ್ಲೂ ಒಬ್ಬರಿಗೆ ಸೋಂಕು ಇದೆ, ಇನ್ನೊಬ್ಬರಿಗಿಲ್ಲ. ಚೀಟಿ ಎತ್ತಿ ಅರ್ಧ ಜೋಡಿಗಳಲ್ಲಿ ಸೋಂಕಿತರಿಗೆ ತಕ್ಷಣ ಮಾತ್ರೆ, ಉಳಿದವರಿಗೆ ರೋಗ ಮುಂದುವರಿದ ಮೇಲೆ. ಆಗ ಹಾಗೆ ಕಾಯುವುದೇ ರೂಢಿ. ಕಾಂಡೋಮ್, ಸಲಹೆ ಎಲ್ಲರಿಗೂ ಇತ್ತು.

ಇನ್ನು ಸಂಗಾತಿಗೆ ಸೋಂಕು ಬಂದರೆ ಮನೆಯಿಂದಲೇ ಬಂತೋ, ಹೊರಗಿನಿಂದಲೋ? ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ಮೇಷ್ಟ್ರು ಹೇಗೆ ಹಿಡಿಯುತ್ತಾರೆ? ಸರಿ ಉತ್ತರದಿಂದ ಅಲ್ಲ, ಇಬ್ಬರದೂ ಒಂದೇ ತಪ್ಪು ಇದ್ದರೆ. ಈ ವೈರಸ್ ತನ್ನ ನಕಲು ಮಾಡಿಕೊಳ್ಳುವಾಗ ಸಿಕ್ಕಾಪಟ್ಟೆ ತಪ್ಪು ಮಾಡುತ್ತದೆ. ಆ ತಪ್ಪುಗಳನ್ನು ಹೋಲಿಸಿ ನೋಡಿದರು. 2011ರಲ್ಲಿ ಲೆಕ್ಕ ಹಾಕಿದಾಗ ಸಂಗಾತಿಯಿಂದಲೇ ಬಂದ ಸೋಂಕು 28. ಅದರಲ್ಲಿ ತಕ್ಷಣ ಮಾತ್ರೆ ಶುರು ಮಾಡಿದವರ ಕಡೆ ಎಷ್ಟು? ಒಂದು! ಶೇಕಡಾ 96 ಇಳಿಕೆ. ಕೂಡಲೇ ಪ್ರಯೋಗದಲ್ಲಿದ್ದ ಸೋಂಕಿತರೆಲ್ಲರಿಗೂ ಮಾತ್ರೆ ಕೊಡಲು ಮುಂದಾದರು. ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದವರು ದೈಹಿಕ ಸಂಬಂಧದಿಂದ ಸೋಂಕು ಹರಡುವುದಿಲ್ಲ ಅನ್ನುವುದು ಈಗ ಗಟ್ಟಿಯಾಗಿದೆ. ಆದರೂ ನಮ್ಮಲ್ಲಿ ಸೋಂಕಿತರಿಗೆ ತಟ್ಟೆ ಬೇರೆ ಇಡುವ ಮನೆಗಳಿವೆ. ತಟ್ಟೆಯಿಂದ ಅದು ಯಾವತ್ತೂ ಹರಡಿಲ್ಲ ಮಾರಾಯ್ರೇ!

ಚೀಟಿ ಬೇಡವಾದ ಸುದ್ದಿಯನ್ನೂ ಹೇಳುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಲಸಿಕೆಯ ಒಂದು ದೊಡ್ಡ ಪ್ರಯೋಗವನ್ನು 2020ರಲ್ಲಿ ನಿಲ್ಲಿಸಿದರು. ಲಸಿಕೆ ಪಡೆದ 2,694 ಜನರಲ್ಲಿ 129 ಮಂದಿಗೆ ಸೋಂಕು. ಅಂದರೆ ಎರಡೂವರೆ ಸಾವಿರಕ್ಕೂ ಜಾಸ್ತಿ ಜನಕ್ಕೆ ಬರಲಿಲ್ಲ. ಇಷ್ಟೇ ಗೊತ್ತಿದ್ದರೆ ಲೇಹ್ಯ ಮಾರುವವನು "ಶೇಕಡಾ 95 ಗ್ಯಾರಂಟಿ" ಅಂತ ಬೋರ್ಡು ಹಾಕಿಬಿಡುತ್ತಿದ್ದ. ಆದರೆ ಬರೀ ಹುಸಿ ಸೂಜಿ ಚುಚ್ಚಿಸಿಕೊಂಡ ಹೆಚ್ಚುಕಮ್ಮಿ ಅಷ್ಟೇ ಜನರಲ್ಲಿ ಸೋಂಕು ಬಂದಿದ್ದು 123. ಅಲ್ಲಿಗೆ ಲಸಿಕೆಯ ಕಥೆ ಮುಗಿಯಿತು.

ಈ ಮುಂಗಾರಿಗೆ ಕಾಕಾನನ್ನು ಹೇಗೋ ಒಪ್ಪಿಸಿ, ಎರಡೂ ಹೊಲ ಸೇರಿಸಿ ಹನ್ನೆರಡು ಪಟ್ಟಿ ಮಾಡಿ, ಚೀಟಿ ಬರೆದೆ. ಹಳ್ಳದ ದಂಡೆಯ ಮೊದಲ ಪಟ್ಟಿಗೇ ಹಳೇ ಬೀಜ ಬಂತು. ಕಾಕಾ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಬ್ಯಾಡೋ, ಇನ್ನೊಮ್ಮೆ ಎತ್ತೂಣು" ಅಂದರು.