ಕೆಮ್ಮಣ್ಣಿನ ನೀರು ಅಳಿವೆಯಲ್ಲಿ ತಿಳಿಯಾಗುವ ಬಗೆ

ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತಿಂಗಳು, ತುಳುವರ ಆಟಿ) ಮಳೆ ಹಿಡಿದರೆ ಕೊಡಗಿನ ಬೆಟ್ಟದ ಕೆಂಪು ನೀರು ಎರಡು ದಾರಿ ಹಿಡಿಯುತ್ತದೆ. ಪೂರ್ವಕ್ಕೆ ಇಳಿದದ್ದು ಕಾವೇರಿಯಾಗಿ ಸುಮಾರು 800 ಕಿ.ಮೀ. ಹರಿದು ಬಂಗಾಳ ಕೊಲ್ಲಿಗೆ. ಅದರ ಹೂಳಿನ ದೊಡ್ಡ ಪಾಲು ಕೆಆರ್‌ಎಸ್ಸು, ಮೆಟ್ಟೂರು ಅಣೆಕಟ್ಟುಗಳಲ್ಲೇ ತಂಗುತ್ತದೆ. ಪಶ್ಚಿಮಕ್ಕೆ, ಮಡಿಕೇರಿ-ಸುಳ್ಯ ದಾರಿಯ ಜೋಡುಪಾಲದ ಕಡೆ ಇಳಿದದ್ದು ಪಯಸ್ವಿನಿಯಾಗಿ ಸುಳ್ಯ ದಾಟಿ, ಚಂದ್ರಗಿರಿ ಹೊಳೆ ಎನಿಸಿಕೊಂಡು ಕಾಸರಗೋಡಿನ ಬಳಿ ಅರಬ್ಬಿ ಸಮುದ್ರಕ್ಕೆ. ಅಲ್ಲಿ ಅಂಥ ದೊಡ್ಡ ಅಣೆಕಟ್ಟಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜಾರಿದಾಗ ಕೆಸರು ಇಳಿದದ್ದೂ ಈ ಹೊಳೆಯ ಕಣಿವೆಗೇ.

ಹೊಳೆ ಎಷ್ಟು ಮಣ್ಣು ಹೊರುತ್ತದೆ? ಸೆಕೆಂಡಿಗೆ 100 ಘನ ಮೀಟರ್ ಹರಿವು, ಲೀಟರಿಗೆ ಅರ್ಧ ಗ್ರಾಂ ಮಣ್ಣು ಎಂದಿಟ್ಟುಕೊಂಡರೂ ದಿನಕ್ಕೆ 4,320 ಟನ್. ಅಳೆಯುವವರು ಎಡವುವುದು ಎರಡು ಕಡೆ. ಬಾಟಲಿಯನ್ನು ಮೇಲುನೀರಿಗಷ್ಟೇ ಅದ್ದಿದರೆ ತಳದಲ್ಲಿ ಉರುಳುವ ಮರಳು ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಮಟ್ಟ ಒಂದೇ ಇದ್ದರೂ ಏರುವ ನೆರೆ ಸಾಮಾನ್ಯವಾಗಿ ಇಳಿಯುವ ನೆರೆಗಿಂತ ಹೆಚ್ಚು ರಾಡಿ. ಮಳೆ ನಿಂತ ಮೇಲೆ ಕೊಡೆ ಮಡಚಿ ಹೋದವರಿಗೆ ಸಿಗುವುದು ಕಡಿಮೆ ಲೆಕ್ಕವೇ.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಹರಿವು ನಿಧಾನಿಸಿದ ಕೂಡಲೇ ಮರಳು ಕೂರುತ್ತದೆ. ಅಳಿವೆ ಬಾಯಿಯ ದಿಬ್ಬ ಅದರದ್ದೇ. 0.1 ಮಿ.ಮೀ. ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಎರಡು ನಿಮಿಷ ಸಾಕು. ಅದರ ನೂರನೇ ಒಂದರಷ್ಟು ದಪ್ಪದ ಜೇಡಿಕಣಕ್ಕೆ ಸುಮಾರು ಎರಡು ವಾರ! ಹಾಗಿದ್ದೂ ಜೇಡಿ ಅಳಿವೆಯಲ್ಲೇ ಕೂರುತ್ತದಲ್ಲ, ಅದು ಉಪ್ಪಿನ ಕೆಲಸ. ಜೇಡಿಕಣಗಳ ಮೈಮೇಲೆ ಋಣ ವಿದ್ಯುದಂಶ, ಒಂದನ್ನೊಂದು ದೂಡುತ್ತವೆ. ಕಡಲ ಉಪ್ಪು ಆ ದೂಡಾಟವನ್ನು ತಗ್ಗಿಸಿದಾಗ ಕಣಗಳು ಅಂಟಿ, ಗರಣೆ ಕಟ್ಟಿ, ಬೇಗ ಇಳಿಯುತ್ತವೆ.

ಮನೆಯಲ್ಲೇ ನೋಡಬಹುದು. ತೋಟದ ಮಣ್ಣನ್ನು ಮಳೆನೀರಿನಲ್ಲಿ ಕದಡಿ ಹತ್ತು ನಿಮಿಷ ಬಿಡಿ. ಮೇಲಿನ ಕೆಂಪು ನೀರನ್ನಷ್ಟೇ ಎರಡು ಗಾಜಿನ ಜಾಡಿಗೆ ಬಸಿಯಿರಿ. ಒಂದಕ್ಕೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿ. ಉಪ್ಪಿನ ಜಾಡಿ ಮೊದಲು ತಿಳಿಯಾಗುತ್ತದೆ. ಕೊಳವೆಬಾವಿಯ ಗಡಸು ನೀರು ಬಳಸಿದರೆ ಅದರ ಸುಣ್ಣದಂಶವೇ ಎರಡರಲ್ಲೂ ಗರಣೆ ಕಟ್ಟಿಸಿ ಪ್ರಯೋಗ ಕೆಡಿಸಬಹುದು.

ಕಡಲ ನೀರು ಘನ ಮೀಟರಿಗೆ ಸುಮಾರು 1,025 ಕೆ.ಜಿ., ಹೊಳೆಯದು 1,000. ಹಾಗಾಗಿ ಸಿಹಿನೀರು ಮೇಲೆ ತೇಲಿ ಹರಡುತ್ತದೆ, ಉಪ್ಪುನೀರು ಅಡಿಯಿಂದ ಒಳನುಗ್ಗುತ್ತದೆ. ಕಕ್ಕಡದ ನೆರೆ ಆ ಉಪ್ಪುನೀರನ್ನು ಬಾಯಿಯಾಚೆಗೆ ತಳ್ಳುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಉಪ್ಪು ಕಡಲ ಭರತದೊಂದಿಗೆ ಹೊಳೆಯಲ್ಲಿ ಮೇಲೇರುತ್ತದೆ. ಜೇಡಿ ಗರಣೆ ಕಟ್ಟುವ ಜಾಗವೂ ಅದರ ಹಿಂದೆಯೇ ಒಳನಾಡಿಗೆ ಸರಿಯುತ್ತದೆ.